ಅಲೆ ಬರಿಸುತ್ತಿದ್ದ ಕೈ

ಹೋದ ಮಂಗಳವಾರ ನಮ್ಮ ಆಸ್ಪತ್ರೆಯ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಬೆಳಗಿನ ತಿಂಡಿಗೆ ಕೂತಿದ್ದಾಗಲೇ ಎದೆ ಹಿಡಿದುಕೊಂಡರಂತೆ. ಹತ್ತೇ ನಿಮಿಷದಲ್ಲಿ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ‘ನಮ್ಮ ಗುರುಗಳು’, ‘ಬಂಗಾರದಂಥ ಕೈ’, ‘ಮತ್ತೆ ಹುಟ್ಟಿ ಬನ್ನಿ ಸರ್’ ಎಂದೆಲ್ಲ ಬರೆದಿದ್ದರು. ನಾನು ಏನೂ ಹಾಕಲಿಲ್ಲ. ಸಂಜೆ ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಫೋನ್ ಮಾಡಿ, “ಒಂದು ಓಂ ಶಾಂತಿ ಆದ್ರೂ ಹಾಕೇ, ಚೆನ್ನಾಗಿರಲ್ಲ” ಅಂದಳು. ನನ್ನ ಹತ್ತಿರ ಓಂ ಶಾಂತಿ ಇರಲಿಲ್ಲ. ಇದ್ದದ್ದು ಬೇರೆ, ಅದು ಉದ್ದವಾದದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉಸಿರು ನಿಂತ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗಿಬಿಡುತ್ತಾನೆ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಅವರು ಹೆಬ್ಬಾಳದ ಕಡೆಯ ನಮ್ಮ ಖಾಸಗಿ ಆಸ್ಪತ್ರೆಯಲ್ಲಿ, ರಕ್ತನಾಳ ಪರೀಕ್ಷೆ ಮಾಡುವ ವಿಭಾಗದ ಹಿರಿಯ ಟೆಕ್ನೀಷಿಯನ್ ಆಗಿದ್ದರು. ನಾನು ಅವರ ಕೈಕೆಳಗೆ ಸೇರಿದಾಗ ಗದಗಿನಿಂದ ಬೆಂಗಳೂರಿಗೆ ಬಂದು ಆರು ತಿಂಗಳಾಗಿತ್ತು. ಆರ್.ಟಿ. ನಗರದ ಪಿ.ಜಿ.ಯಲ್ಲಿ ನಾಲ್ವರ ಜೊತೆ ಒಂದು ಕೋಣೆ. ನನ್ನ ಹೆಸರು ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ಮೊದಲ ದಿನವೇ “ಬಾಮ್ಮಾ ಗದಗು” ಅಂದರು. ಅಲ್ಲಿಂದ ನಾನು ಗದಗು.

ನಮ್ಮ ಕೆಲಸ ಕೇಳುವುದಕ್ಕೆ ಸುಲಭ. ಸಕ್ಕರೆ ಕಾಯಿಲೆಯವರ ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೋ ಇಲ್ಲವೋ ನೋಡಬೇಕು. ಕಾಲಿನ ಬೆರಳಿಗೆ ಪ್ರೋಬ್ ಎಂಬ ಪುಟ್ಟ ಗುಂಡಿಯಂಥದ್ದನ್ನು ಟೇಪಿನಿಂದ ಅಂಟಿಸುತ್ತೇವೆ. ಅದರಿಂದ ಕಣ್ಣಿಗೆ ಕಾಣದ ಬೆಳಕು ಚರ್ಮದೊಳಗೆ ಹೋಗುತ್ತದೆ. ರಕ್ತ ನುಗ್ಗಿದಾಗ ಅದು ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತದೆ, ಇಳಿದಾಗ ಕಡಿಮೆ. ಹಿಂದಿರುಗುವ ಬೆಳಕಿನ ಏರಿಳಿತ ಪರದೆಯ ಮೇಲೆ ಅಲೆಯಾಗಿ ಓಡುತ್ತದೆ. ಅಲೆ ಇದ್ದರೆ ಬೆರಳಿಗೆ ಜೀವವಿದೆ. ಗೆರೆ ಚಪ್ಪಟೆಯಾಗಿದ್ದರೆ ತಕ್ಷಣ ಡಾಕ್ಟರ್ ಹತ್ತಿರ ಓಡಬೇಕು. ಆದರೆ ಪಾದ ತಣ್ಣಗಿದ್ದರೆ ಒಳ್ಳೆಯ ಕಾಲಿನಲ್ಲೂ ಅಲೆ ಬರುವುದಿಲ್ಲ. ಕಂಬಳಿ ಹೊದಿಸಿ, ಬೆಚ್ಚಗಾಗುವ ತನಕ ಕಾಯಬೇಕು. ಆ ಕಾಯುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು.

ಅವರಿಗೆ ಕಾಯುವುದು ಬರುತ್ತಿರಲಿಲ್ಲ. ದೊಡ್ಡ ಆಳು, ದೊಡ್ಡ ಕೈ, ನಡೆದರೆ ಕಾರಿಡಾರ್ ತುಂಬ ಸದ್ದು. ಬೆಂಗಳೂರಿನ ಅಂಚಿನಲ್ಲಿರುವ ಸಿಂಗಾಪುರ ಎಂಬ ಹಳ್ಳಿಯ ಹಳೆಯ ಒಕ್ಕಲು ಮನೆತನ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಬಾಡಿಗೆ ಮನೆಗಳು ಎದ್ದಿದ್ದವು. “ನಂಗೆ ಈ ಕೆಲ್ಸ ಬೇಕಾಗೇ ಇಲ್ಲ ಗುರು, ಇಲ್ಲಿಗೆ ಬರೋದು ಮರ್ಯಾದೆಗೆ” ಎನ್ನುವುದು ದಿನಕ್ಕೆರಡು ಸಲ ಕೇಳುವ ಮಾತು. ಮರ್ಯಾದೆ ಸಿಗುತ್ತಲೂ ಇತ್ತು. ಗೇಟಿನ ಸೆಕ್ಯುರಿಟಿಯಿಂದ ಹಿಡಿದು ದೊಡ್ಡ ಡಾಕ್ಟರ್‌ಗಳವರೆಗೆ ಎಲ್ಲರಿಗೂ ಅವರು ‘ಸರ್’. ಬಾಯಲ್ಲಿ ಸದಾ ಒಂದು ಲವಂಗ. ಅದು ದವಡೆಯಿಂದ ದವಡೆಗೆ ಹೋಯಿತೆಂದರೆ ಏನೋ ತಮಾಷೆ ಬರುತ್ತದೆ ಎಂದು ಎಲ್ಲರೂ ಮೊದಲೇ ನಗಲು ತಯಾರಾಗುತ್ತಿದ್ದರು.

ಸುಳ್ಳು ಹೇಳಬಾರದು, ಒಂದು ಒಳ್ಳೆಯ ಗುಣ ಇತ್ತು. ಯಾರ ಪಾದಕ್ಕೂ ಅಸಹ್ಯಪಡುತ್ತಿರಲಿಲ್ಲ. ಕೀವು ಸೋರುವ ಕಾಲು, ನಾರುವ ಕಾಲು, ಬರಿಗಾಲಲ್ಲಿ ನಡೆದು ಸೀಳಿದ ಹಿಮ್ಮಡಿ, ಯಾವುದಾದರೂ ಸರಿ, ನೆಲದ ಮೇಲೆ ಕೂತು ತಾವೇ ತೊಳೆದು ಒರೆಸುತ್ತಿದ್ದರು. ಮುದುಕರು ಸಂಕೋಚದಿಂದ ಕಾಲು ಹಿಂದಕ್ಕೆ ಎಳೆದುಕೊಂಡರೆ, “ಏ ಕೊಡಿ ಯಜಮಾನ್ರೇ, ನಿಮ್ಮ ಕಾಲೇನ್ ಮಹಾ, ನಮ್ಮಪ್ಪಂದು ಇದಕ್ಕಿಂತ ಗಲೀಜಿತ್ತು” ಎನ್ನುತ್ತಿದ್ದರು. ಹಿಮ್ಮಡಿಯ ಒಳಬದಿಯಲ್ಲಿ ನಾಡಿಯನ್ನು ಹೇಗೆ ಹುಡುಕಬೇಕೆಂದು ನನ್ನ ಬೆರಳು ಹಿಡಿದು ತೋರಿಸಿಕೊಟ್ಟವರು ಅವರೇ. ಆ ಋಣವನ್ನು ನಾನು ಇಲ್ಲಿಯೇ ಬರೆದು ಮುಗಿಸುತ್ತಿದ್ದೇನೆ, ಮುಂದೆ ಯಾರೂ ಅದನ್ನು ನನಗೆ ನೆನಪಿಸಬೇಡಿ.

ಅವರ ಹೆಸರು ಬೆಳೆದದ್ದು ಅವರ ಕೈಯಿಂದ. ನಾವು ಟೇಪ್ ಅಂಟಿಸಿ, ಕಂಬಳಿ ಹೊದಿಸಿ, ಮತ್ತೆ ಅಂಟಿಸಿ ಸುಸ್ತಾದರೂ ಕೆಲವರಲ್ಲಿ ಅಲೆ ಬರುತ್ತಿರಲಿಲ್ಲ. ಆಗ ಅವರನ್ನು ಕರೆಯುತ್ತಿದ್ದೆವು. ಒಮ್ಮೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಕಾಲಿನ ಮುಂದೆ ನಾವು ಮೂವರು ಅರ್ಧ ಗಂಟೆ ಒದ್ದಾಡಿದ್ದೆವು. ಅವರು ಎಡಗೈಯಲ್ಲಿ ಕಾಫಿ ಲೋಟ ಹಿಡಿದೇ ಬಂದರು. ನಮ್ಮ ಟೇಪನ್ನು ಚರಕ್ಕೆಂದು ಕಿತ್ತರು. ಬಲಗೈಯ ಹೆಬ್ಬೆರಳಿನಿಂದ ಪ್ರೋಬನ್ನು ಕಾಲ್ಬೆರಳಿಗೆ ಒತ್ತಿ ಹಿಡಿದರು. ಪರದೆಯ ಮೇಲೆ ಚೆಂದದ ಅಲೆ ಎದ್ದಿತು. ಕಾಫಿ ಹೀರುತ್ತಲೇ ಹೇಳಿದರು: “ಮಿಷಿನ್ ಸುಳ್ಳು ಹೇಳುತ್ತೆ, ಕೈ ಹೇಳಲ್ಲ.” ನರ್ಸ್‌ಗಳು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು.

ಬಾಗಲೂರಿನ ಶಾಲೆಯೊಂದರಲ್ಲಿ ಆಸ್ಪತ್ರೆಯವರು ಪಾದ ತಪಾಸಣೆಯ ಉಚಿತ ಶಿಬಿರ ಇಟ್ಟಿದ್ದರು. ಆ ದಿನ ಯಂತ್ರವನ್ನು ಆಟೋದಲ್ಲಿ ಹೊತ್ತುಕೊಂಡು ಹೋದವಳೂ, ನನ್ನ ಪಾಸ್‌ವರ್ಡ್ ಹಾಕಿ ಚಾಲೂ ಮಾಡಿದವಳೂ ನಾನೇ. ಹಾಗಾಗಿ ಪ್ರತಿ ವರದಿಯ ಕೆಳಗೂ ನನ್ನ ಹೆಸರೇ ಅಚ್ಚಾಗುತ್ತಿತ್ತು. ಬಾಗಿಲಿನಾಚೆಗೂ ಸಾಲು ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ಐವತ್ತು ದಾಟಿದ ಒಬ್ಬ ಹೆಂಗಸು ಬಂದು ಕೂತಳು. ಊರಲ್ಲಿ ರವಿಕೆ ಹೊಲಿಯುವ ಟೈಲರಮ್ಮ. ಬಲಗಾಲಿನ ಬೆರಳ ಸಂದಿಯಲ್ಲಿ ಸಣ್ಣ ಹುಣ್ಣು. ಹೊಲಿಗೆ ಯಂತ್ರದ ಪೆಡಲ್ ತಾಗಿ ಆದದ್ದಂತೆ. ಹೋಲಿಸಿ ನೋಡಲು ಒಂದು ಕ್ಲಿಪ್ಪನ್ನು ಕೈಬೆರಳಿಗೆ ಹಾಕಿದೆ, ಪ್ರೋಬನ್ನು ಕಾಲಿನ ಹೆಬ್ಬೆರಳಿಗೆ ಟೇಪಿನಿಂದ ಅಂಟಿಸಿದೆ. ಕೈಯ ಗೆರೆ ನಿಧಾನವಾಗಿ, ಸರಿಯಾಗಿ ಓಡುತ್ತಿತ್ತು. ಕಾಲಿನ ಗೆರೆ ಚಪ್ಪಟೆ. ಟವೆಲ್ ಸುತ್ತಿ ಕಾಯುತ್ತಾ ಕೂತೆ.

ಅವರು ಎಲ್ಲಿಂದಲೋ ದಾಪುಗಾಲು ಹಾಕಿಕೊಂಡು ಬಂದರು. “ಏನಮ್ಮಾ ಗದಗು, ಒಬ್ಬರಿಗೇ ಇಷ್ಟೊತ್ತಾ? ಸಾಲ್ ನೋಡು!”

“ಕಾಲು ತಣ್ಣಗ ಐತ್ರೀ ಸರ್. ಇನ್ನೊಂದ್ ಹತ್ತು ನಿಮಿಷ ಕಾಯ್ತೀನ್ರೀ.”

“ಹತ್ತು ನಿಮಿಷದಲ್ಲಿ ಹತ್ತು ಕಾಲ್ ನೋಡ್ತೀನಿ ನಾನು. ಏಳು, ಹೋಗಿ ರಿಜಿಸ್ಟರ್ ಬರಿ.”

ಟೇಪ್ ಕಿತ್ತರು, ಹೆಬ್ಬೆರಳು ಒತ್ತಿದರು, ಅಲೆ ಎದ್ದಿತು. ‘ರಕ್ತ ಸಂಚಾರ ಸಮರ್ಪಕವಾಗಿದೆ’ ಎಂಬ ಸಾಲಿನೊಂದಿಗೆ ವರದಿ ಹೊರಬಂತು. ಕೆಳಗೆ ನನ್ನ ಹೆಸರು. ಟೈಲರಮ್ಮ ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಹೋದಳು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಏಳು ವಾರದ ಮೇಲೆ ಅವಳ ಗಂಡ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ಕೂಗಾಡುತ್ತಿದ್ದ. “ಚೆನ್ನಾಗೈತೆ ಅಂತ ಬರ್ಕೊಟ್ರಲ್ಲ! ಅದುನ್ನ ನಂಬ್ಕಂಡು ಮನ್ಯಾಗೇ ಬ್ಯಾಂಡೇಜ್ ಸುತ್ಕಂಡ್ ಕೂತ್ವಲ್ಲ!” ಹುಣ್ಣು ಕಪ್ಪಾಗಿ ಮೇಲಕ್ಕೆ ಏರಿತ್ತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಹಾಕಿದ್ದರು. ರಕ್ತವೇ ಇಳಿಯದ ಕಾಲು ಅದು. ಶಿಬಿರದ ದಿನವೇ ಕಂಡುಹಿಡಿದಿದ್ದರೆ ಕಟ್ಟಿಕೊಂಡ ರಕ್ತನಾಳ ಬಿಡಿಸಿ ಕಾಲು ಉಳಿಸಬಹುದಿತ್ತೆಂದು ನಮ್ಮ ಡಾಕ್ಟರ್ ಮೇಡಂ ಹೇಳಿದರು.

ಆಡಳಿತದವರು ಸಭೆ ಕರೆದರು. ಮೇಜಿನ ಸುತ್ತ ಹತ್ತು ಹನ್ನೆರಡು ಜನ. ವರದಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಕೆಳಗಿನ ಹೆಸರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಅವರ ಮುಖ ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಲವಂಗ ಆಚೆ ದವಡೆಯಿಂದ ಈಚೆಗೆ ಬಂತು. “ಹೊಸ ಹುಡುಗಿ ಮೇಡಂ. ಪ್ರೋಬ್ ಸರಿಯಾಗಿ ಕೂರಿಸಿಲ್ಲ ಅನ್ಸುತ್ತೆ. ಮಗು ಥರ, ಬಿಟ್ಬಿಡಿ, ಕಲೀತಾಳೆ” ಅಂದರು. ನನ್ನನ್ನು ಕಾಪಾಡಿದರಂತೆ! ಅಲ್ಲಿದ್ದ ಒಬ್ಬರು, ಇಂಥ ಗುರು ಸಿಗಲು ಪುಣ್ಯ ಮಾಡಿರಬೇಕು ಎಂದು ನನಗೆ ಬುದ್ಧಿ ಬೇರೆ ಹೇಳಿದರು. ‘ಪ್ರೋಬ್ ಹಿಡಿದವರು ಇವರು’ ಎಂದು ನಾನು ಅಂದೆ. ದೊಡ್ಡವರ ಮೇಲೆ ಹಾಕಬೇಡಮ್ಮ ಎಂದು ಬಾಯಿ ಮುಚ್ಚಿಸಿದರು. ನನ್ನನ್ನು ನೆಲಮಾಳಿಗೆಯ ದಾಖಲೆ ವಿಭಾಗಕ್ಕೆ ಹಾಕಿದರು. ಗದಗಿನಲ್ಲಿದ್ದ ಅಪ್ಪನಿಗೆ ಫೋನ್ ಮಾಡಿ, ನನಗೆ ಬಡ್ತಿ ಸಿಕ್ಕಿತು ಎಂದು ಹೇಳಿದೆ.

ದಾಖಲೆ ವಿಭಾಗವೆಂದರೆ ವಾಹನ ನಿಲ್ಲಿಸುವ ಜಾಗದ ಪಕ್ಕದ, ಕಿಟಕಿಯಿಲ್ಲದ ಉದ್ದನೆಯ ಕೋಣೆ. ಶಿಬಿರಗಳ ಹಳೆಯ ವರದಿಗಳೆಲ್ಲ ಅಲ್ಲಿಯೇ ಡಬ್ಬಗಳಲ್ಲಿ ಇರುತ್ತಿದ್ದವು. ಮೊದಲ ವಾರವೇ ಬಾಗಲೂರಿನ ಡಬ್ಬ ಹುಡುಕಿ ಟೈಲರಮ್ಮನ ವರದಿಯ ಆಸ್ಪತ್ರೆ ಪ್ರತಿಯನ್ನು ತೆಗೆದೆ. ಅದನ್ನು ಎಷ್ಟು ದಿನ ದಿಟ್ಟಿಸಿದೆನೋ ಗೊತ್ತಿಲ್ಲ. ಒಂದು ದಿನ ಸುಮ್ಮನೆ ಪೆನ್ನಿನ ತುದಿಯಿಂದ ಅಲೆಗಳನ್ನು ಎಣಿಸಿದೆ. ಮೇಲಿನ ಗೆರೆ ಅವಳ ಕೈಬೆರಳಿನದು, ಆರು ಬಡಿತ. ಕೆಳಗಿನದು ಕಾಲಿನದು. ಅದೇ ಉದ್ದದಲ್ಲಿ ಒಂಬತ್ತು. ಮತ್ತೆ ಎಣಿಸಿದೆ. ಆರು, ಒಂಬತ್ತು.

ಒಬ್ಬ ಮನುಷ್ಯನಿಗೆ ಒಂದೇ ಹೃದಯ. ಅದು ಕೈಗೆ ನಿಧಾನವಾಗಿ, ಕಾಲಿಗೆ ಗಡಿಬಿಡಿಯಲ್ಲಿ ಬಡಿಯಲು ಸಾಧ್ಯವಿಲ್ಲ. ಬಡಿತ ತಗ್ಗಿಸುವ ಬಿ.ಪಿ. ಮಾತ್ರೆ ನುಂಗುವ ಟೈಲರಮ್ಮನ ನಾಡಿ ನಿಧಾನ. ಆ ಒಂಬತ್ತು ಬಡಿತ ದಾಪುಗಾಲು ಹಾಕಿಕೊಂಡು ಬಂದವನದು. ಒತ್ತಿ ಹಿಡಿಯುವಾಗ ಅವರ ದೊಡ್ಡ ಹೆಬ್ಬೆರಳಿನ ಅಂಚು ಪ್ರೋಬಿನ ಕೆಳಗೆ ಜಾರಿ ಬೆಳಕಿಗೆ ಅಡ್ಡ ಬರುತ್ತಿತ್ತು. ಯಂತ್ರ ಎಷ್ಟು ಸಣ್ಣ ಅಲೆ ಸಿಕ್ಕರೂ ತಾನಾಗಿ ಹಿಗ್ಗಿಸಿ ತೋರಿಸುತ್ತದೆ. ಪರದೆಯ ಮೇಲೆ ಓಡಿದ್ದು ಅವರ ರಕ್ತ. ನಾವು ಚಪ್ಪಾಳೆ ತಟ್ಟಿದ್ದೆಲ್ಲ ಅದಕ್ಕೇ.

ಹಾಳೆ ಹಿಡಿದು ಮೇಲಕ್ಕೆ ಹೋದೆ. ಊಟದ ಹೊತ್ತು, ಅವರೊಬ್ಬರೇ ಕೂತು ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದರು. “ಸರ್, ಮ್ಯಾಲಿನ ಗೆರಿ ಆಕಿ ಕೈಯಿಂದು, ಆರು ಬಡಿತ ಅದಾವ. ಕೆಳಗಿಂದು ಕಾಲಿಂದು, ಒಂಬತ್ತು. ಒಂದ ಎದಿ ಎರಡು ಲೆಕ್ಕ ಹ್ಯಾಂಗ ಬಡೀತೈತ್ರೀ?” ಅಂದೆ.

ಚಮಚದ ಹಿಡಿಯಿಂದ ಎಣಿಸಿದರು. ಎರಡನೇ ಸಲ ಎಣಿಸಿದರು. ಅವರ ಹೆಬ್ಬೆರಳನ್ನು ಅವರೇ ಒಮ್ಮೆ ನೋಡಿಕೊಂಡರು. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ತಗ್ಗಿದ ದನಿಯಲ್ಲಿ ಹೇಳಿದರು: “ನೋಡಮ್ಮಾ. ನನ್ ಸರ್ವಿಸ್ ಇನ್ನು ಎರಡು ವರ್ಷ. ನಿಂದು ಮೂವತ್ತು ವರ್ಷ ಇದೆ. ನೀನು ತಡ್ಕೋತೀಯ, ನಂಗೆ ತಡ್ಕೊಳೋಕಾಗಲ್ಲ. ಈ ಹಾಳೆ ಮಡಚಿ ಇಟ್ಕೋ.”

ಆಮೇಲೆ ಮೊಸರನ್ನ ತಿಂದು ಮುಗಿಸಿದರು. ತಪ್ಪನ್ನಾದರೂ ನಾನು ಮರೆಯುತ್ತಿದ್ದೆನೇನೋ, ಆ ಊಟ ಮುಗಿಸಿದ್ದನ್ನು ಮರೆಯುವುದಿಲ್ಲ. ತಿಳಿಯದೆ ಮಾಡಿದ್ದರು, ಸರಿ. ತಿಳಿದ ಮೇಲೆ ಉಪ್ಪಿನಕಾಯಿ ನೆಂಚಿಕೊಂಡರು.

ನಾನು ಹಾಳೆ ಮಡಚಿ ಇಟ್ಟುಕೊಂಡೆ, ಅವರು ಹೇಳಿದರೆಂದಲ್ಲ. ನೇರವಾಗಿ ಡಾಕ್ಟರ್ ಮೇಡಂ ಹತ್ತಿರ ಹೋಗಬಹುದಿತ್ತು. ಆದರೆ ಮುಚ್ಚಿದ ಬಾಗಿಲಿನ ಹಿಂದೆ ನನ್ನ ಹೆಸರು ತೊಳೆದುಕೊಂಡರೆ ನನಗೆ ಸಾಲದಾಗಿತ್ತು. ನನ್ನ ಮಾನ ಕಳೆದದ್ದು ಎಲ್ಲರೆದುರು, ಅವರದೂ ಎಲ್ಲರೆದುರು ಹೋಗಬೇಕು. ಯಾವತ್ತು ಎನ್ನುವುದನ್ನೂ ನಿಶ್ಚಯಿಸಿಕೊಂಡೆ, ಅವರ ಬೀಳ್ಕೊಡುಗೆಯ ದಿನ. ಆ ನೆಲಮಾಳಿಗೆಯಲ್ಲಿ ನನ್ನನ್ನು ಬದುಕಿಸಿದ್ದು ಅದೊಂದೇ ಯೋಚನೆ. ಶಿಬಿರಗಳ ಫೋಟೋಗಳು ವಾಟ್ಸಾಪಿನಲ್ಲಿ ಬರುತ್ತಲೇ ಇದ್ದವು. ಒಂದೊಂದರಲ್ಲೂ ಅವರ ಕೈ ಯಾರದೋ ಪಾದದ ಮೇಲೆ. ನಾನು ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿ ಹಲ್ಲು ಕಡಿಯುತ್ತಿದ್ದೆ. ಮಾಡು, ಮಾಡು, ನಿನ್ನ ದಿನ ಬರುತ್ತದೆ ಎಂದುಕೊಳ್ಳುತ್ತಿದ್ದೆ.

ಬೀಳ್ಕೊಡುಗೆಗೆ ನಾಲ್ಕು ದಿನ ಇರುವಾಗ ಬಾಗಲೂರಿಗೆ ಹೋದೆ. ಟೈಲರಮ್ಮ ಈಗ ಎಡಗಾಲಿನಿಂದ ಪೆಡಲ್ ತುಳಿಯುತ್ತಿದ್ದಳು. ವರದಿಯಲ್ಲಿದ್ದ ಹೆಸರು ನನ್ನದು, ಕೈ ನನ್ನದಲ್ಲ, ಅದನ್ನು ಎಲ್ಲರಿಗೂ ತೋರಿಸಬೇಕು ಎಂದಷ್ಟೇ ಹೇಳಿದೆ. ಮೊದಮೊದಲು ಹಾಕಿಕೊಳ್ಳುತ್ತಿದ್ದ, ಸರಿಹೊಂದದೆ ಬಿಟ್ಟ ರಬ್ಬರ್ ಪಾದವೊಂದು ಬಟ್ಟೆಗಂಟುಗಳ ನಡುವೆ ಬಿದ್ದಿತ್ತು. ಅದನ್ನು ಕೊಡುತ್ತೀರಾ ಎಂದು ಕೇಳಿದೆ. ನನ್ನ ಮುಖವನ್ನೇ ನೋಡಿದಳು. “ತಗಂಡೋಗವ್ವ. ಅದೇನ್ ಮಾಡ್ತೀಯೋ, ಆಮ್ಯಾಕ್ ಬಂದ್ ನಂಗೂ ಯೋಳು” ಅಂದಳು.

ಬೀಳ್ಕೊಡುಗೆ ಮೂರನೇ ಮಹಡಿಯ ಹಾಲ್‌ನಲ್ಲಿ, ಮಧ್ಯಾಹ್ನದ ಊಟದ ನಂತರ. ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಒಬ್ಬರಾದ ಮೇಲೊಬ್ಬರು ಎದ್ದು ಆ ಕೈಯನ್ನು ಹೊಗಳಿದರು. ಕೊನೆಯ ಸಲ ಸರ್ ಕೈಯಲ್ಲಿ ಅಲೆ ಬರಿಸೋಣ ಎಂದು ವಿಭಾಗದವರು ಯಂತ್ರವನ್ನೂ ತಂದು, ಗೋಡೆಯ ದೊಡ್ಡ ಪರದೆಗೆ ಜೋಡಿಸಿಟ್ಟಿದ್ದರು. ಶಿಷ್ಯೆ ಎರಡು ಮಾತಾಡಲಿ ಎಂದು ನನ್ನನ್ನು ಕರೆದರು. ನಾನು ಬಟ್ಟೆ ಅಂಗಡಿಯ ಚೀಲದಿಂದ ರಬ್ಬರ್ ಪಾದ ತೆಗೆದು ಮೇಜಿನ ಮೇಲಿಟ್ಟೆ.

“ಸರ್, ಕಡೀ ಪೇಶಂಟ್ ಒಬ್ರು ಅದಾರ್ರೀ.”

ಹಾಲ್ ಗೊಳ್ಳೆಂದು ನಕ್ಕಿತು. ಅವರು ನಗಲಿಲ್ಲ. “ಏನಮ್ಮಾ ಗದಗು, ತಮಾಷೆನಾ?”

“ಹಿಡೀರಿ ಸರ್.”

ಹಿಂದಿನ ಸಾಲಿನವರು “ಸರ್! ಸರ್!” ಎಂದು ಚಪ್ಪಾಳೆ ಹಾಕತೊಡಗಿದರು. ನನ್ನ ಉದ್ದೇಶ ಅವರಿಗೆ ಖಂಡಿತ ಗೊತ್ತಾಗಿತ್ತು. ಆದರೆ ತಲೆಯ ಮೇಲೆ ಪೇಟ, ಎದುರಿಗೆ ನೂರು ಜನ. ಒಲ್ಲೆ ಎನ್ನಲು ಆಗಲಿಲ್ಲ. ಪ್ರೋಬ್ ತೆಗೆದುಕೊಂಡು ರಬ್ಬರ್ ಬೆರಳಿಗೆ ಒತ್ತಿದರು. ಹೆಬ್ಬೆರಳನ್ನು ಆಚೆ ಇಡಲು ಪ್ರಯತ್ನಪಟ್ಟರು, ಅದನ್ನು ನಾನು ಕಂಡೆ. ಆದರೆ ಆ ಕೈಗೆ ಗೊತ್ತಿದ್ದದ್ದು ಒಂದೇ ರೀತಿ. ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಆರೋಗ್ಯವಾದ ಅಲೆ ಎದ್ದಿತು.

ಜನ ಬಿದ್ದು ಬಿದ್ದು ನಕ್ಕರು, ಶಿಳ್ಳೆ ಹೊಡೆದರು. ಮೊದಲು ನಗು ನಿಲ್ಲಿಸಿದವರು ಡಾಕ್ಟರ್ ಮೇಡಂ. ಎದ್ದು ಬಂದು ಅವರ ಎಡಗೈಯ ಮಣಿಕಟ್ಟು ಹಿಡಿದರು. ಕಣ್ಣು ಗೋಡೆಯ ಮೇಲೆ, ತುಟಿ ಎಣಿಸುತ್ತಿತ್ತು. “ಇದು ನಿಮ್ಮ ಪಲ್ಸ್” ಅಂದರು. ಎರಡು ವರ್ಷ ಮಡಚಿಟ್ಟಿದ್ದ ಹಾಳೆಯನ್ನು ಆಗ ಮೇಡಂ ಕೈಗೆ ಕೊಟ್ಟೆ. ಅದನ್ನೂ ಎಣಿಸಿದರು. ಹಾಳೆಯಿಂದ ತಲೆಯೆತ್ತಿ ಕೇಳಿದರು:

“ಬಾಗಲೂರಲ್ಲಿ ಪ್ರೋಬ್ ಹಿಡಿದಿದ್ದು ಯಾರು?”

ಅವರು ಪೇಟ ತೆಗೆದು ರಬ್ಬರ್ ಪಾದದ ಪಕ್ಕ ಇಟ್ಟರು. “ನಾನೇ ಮೇಡಂ. ಆ ಹುಡುಗಿ ಟೇಪ್ ಹಾಕಿದ್ಲು. ನಾನೇ ಕಿತ್ತೆ” ಅಂದರು. ಹಣ್ಣಿನ ಬುಟ್ಟಿ ಅಲ್ಲೇ ಬಿಟ್ಟು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಸೇಡು ತೀರಿದ ಮೇಲೆ ಮನಸ್ಸು ಖಾಲಿ ಖಾಲಿ ಅನಿಸುತ್ತದೆ ಎಂದು ಎಷ್ಟೋ ಜನ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ತುಂಬ ಖುಷಿಯಾಯಿತು. ಅವರ ಬೀಳ್ಕೊಡುಗೆಗೆ ಮಾಡಿಸಿದ್ದ ಬಾದಾಮಿ ಹಲ್ವಾವನ್ನು ಎರಡು ಸಲ ಹಾಕಿಸಿಕೊಂಡು ತಿಂದೆ. ಸಭೆಯಲ್ಲಿ ನನಗೆ ಬುದ್ಧಿ ಹೇಳಿದ್ದವರು ಬಂದು ಕೈ ಹಿಡಿದುಕೊಂಡು ಸಾರಿ ಕೇಳಿದರು. ಇನ್ನೊಂದು ಸಲ ಕೇಳಲಿ ಎಂದು ಕೇಳಿಸದವಳಂತೆ ನಿಂತೆ.

ಮಾರನೆಯ ದಿನ ಪಾದ ಹಿಂದಿರುಗಿಸಲು ಬಾಗಲೂರಿಗೆ ಹೋದಾಗಲೂ ಆ ಖುಷಿ ಇಳಿದಿರಲಿಲ್ಲ. ಆರು ಮತ್ತು ಒಂಬತ್ತರ ಕತೆಯಿಂದ ಹಿಡಿದು ಪೇಟ ತೆಗೆದದ್ದರವರೆಗೆ ಒಂದೂ ಬಿಡದೆ ಹೇಳಿದೆ. ಟೈಲರಮ್ಮ ಹೊಲಿಯುತ್ತಲೇ ಕೇಳಿಸಿಕೊಂಡಳು. ಕೊನೆಗೆ ಯಂತ್ರ ನಿಲ್ಲಿಸಿದಳು.

“ಅಲ್ಲವ್ವ, ನನ್ ಕಾಲಾದ್ಮ್ಯಾಕೆ ಆವಯ್ಯ ಬ್ಯಾರೆ ಯಾರ್ ಕಾಲೂ ಮುಟ್ನಿಲ್ವಾ?”

ಮುಟ್ಟಿದ್ದಾರೆ ಎಂದೆ.

“ನಿಂಗೆ ಯಾವಾಗ್ ಗೊತ್ತಾಯ್ತು ಇದು?”

“ಎರಡು ವರ್ಷ ಆತ್ರೀ” ಅಂದೆ.

ಅವಳು ಪಾದವನ್ನು ತೆಗೆದುಕೊಂಡು ಬಟ್ಟೆಗಂಟುಗಳ ನಡುವೆ ಇಟ್ಟು ಮತ್ತೆ ಹೊಲಿಯಲು ಕೂತಳು. ನಾನು ಹೋಗಿ ಬರುತ್ತೇನೆ ಎಂದದ್ದಕ್ಕೆ ತಲೆಯೆತ್ತಲಿಲ್ಲ.

ನನ್ನನ್ನು ಮತ್ತೆ ಮೇಲಿನ ವಿಭಾಗಕ್ಕೆ ಹಾಕಿದರು. ಡ್ಯೂಟಿ ಮುಗಿದ ಮೇಲೆ ಈಗಲೂ ದಿನಾ ನೆಲಮಾಳಿಗೆಗೆ ಇಳಿದು, ಶಿಬಿರಗಳ ಡಬ್ಬಗಳನ್ನು ಒಂದೊಂದಾಗಿ ತೆಗೆದು ಎಣಿಸುತ್ತೇನೆ. ಮೇಲಿನ ಗೆರೆ, ಕೆಳಗಿನ ಗೆರೆ. ಹೊಂದದವರಿಗೆ ಫೋನ್ ಮಾಡಿ ಕರೆಸುತ್ತೇವೆ. ಕೆಲವರ ಮನೆಯಲ್ಲಿ ಬೇರೆಯವರು ಫೋನ್ ಎತ್ತುತ್ತಾರೆ. ಸತ್ತ ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇಂದಿಗೂ ಒಂದು ಗುಂಜಿಯಷ್ಟೂ ಕಡಿಮೆಯಾಗಿಲ್ಲ, ಆ ಗುಂಪಿನಲ್ಲಿ ನಾನು ಕೈಮುಗಿಯುವುದೂ ಇಲ್ಲ. ಇದುವರೆಗೆ ಹನ್ನೊಂದು ಹಾಳೆಗಳಲ್ಲಿ ಲೆಕ್ಕ ಹೊಂದಿಲ್ಲ. ಅದರಲ್ಲಿ ನಾಲ್ಕು, ನಾನು ಆರು ಮತ್ತು ಒಂಬತ್ತನ್ನು ಎಣಿಸಿದ ದಿನಕ್ಕಿಂತ ಈಚಿನವು. ಆ ನಾಲ್ಕರ ಕೆಳಗೆ ಅಚ್ಚಾಗಿರುವುದು ಅವರ ಹೆಸರು. ಪಕ್ಕದಲ್ಲಿ ನನ್ನದೂ ಇರಬೇಕಿತ್ತು.